ಗೇಣಿನ ಕೆಳಗಿನ ಮಣ್ಣು

ಮಣ್ಣು ಹಿಟ್ಟಿನಂತಾಗಲಿ ಎಂದು ಗಂಡ ನಾಲ್ಕನೇ ಉಳುಮೆಗೆ ಟ್ರ್ಯಾಕ್ಟರ್ ಹತ್ತಿದಾಗ, ಹೆಂಡತಿ ಕಬ್ಬಿಣದ ಸರಳು ಹಿಡಿದು ಅಡ್ಡ ನಿಂತಳು. ಈ ಸಲವೂ ಕ್ಯಾರೆಟ್ ಮೊಂಡಾಗಿ ಬಂದರೆ ಕೊಳ್ಳುವವರಿಲ್ಲ ಎಂಬ ಚಿಂತೆ ಅವಳದು.

“ಇದನ್ನ ಸ್ವಲ್ಪ ಚುಚ್ಚಿ ನೋಡಿ, ಪೈಲ್ವಾನ್ರೇ.”

ಅವನು ಕೆಳಗಿಳಿದು ಚುಚ್ಚಿದ ಸರಳು ಗೇಣುದ್ದ ಸಲೀಸಾಗಿ ಹೋಗಿ ನಿಂತಿತು. ಮೈಭಾರವನ್ನೆಲ್ಲ ಹಾಕಿದ; ಜಪ್ಪಯ್ಯ ಎಂದರೂ ಅದು ಕದಲಲಿಲ್ಲ. ಟ್ರ್ಯಾಕ್ಟರ್ ಹೋಗದ ಬೇಲಿಯಂಚಿನಲ್ಲಿ ಅವಳು ಒಂದೇ ಕೈಯಲ್ಲಿ ಮೊಳದುದ್ದ ಇಳಿಸಿ ತೋರಿಸಿದಳು.

“ಮೇಲೆ ಹಿಟ್ಟು ಮಾಡ್ತಾ ಕೆಳಗೆ ರಸ್ತೆ ಹಾಕಿದ್ದೀರಿ. ಬೇರು ಎಲ್ಲಿಗೆ ಹೋಗ್ಬೇಕು?”

“ಅಲ್ಲ ಕಣೇ, ಉಳೋದೂ ತಪ್ಪಾ?”

“ಹಸಿ ಮಣ್ಣಿನ ಮೇಲೆ ದಿನಾ ಸವಾರಿ ಹೋಗೋದು ತಪ್ಪು. ಒಣಗಲಿ, ಆಮೇಲೆ ಒಂದೇ ಸಲ ಆಳವಾಗಿ ಸೀಳಿ. ಅಲ್ಲೀವರೆಗೆ ಸವಾರಿ ಬೇಕೇ ಬೇಕು ಅಂದ್ರೆ ಮಗಳ ಸೈಕಲ್ ಇದೆ.”

ಅವನು ನಗು ನುಂಗಿಕೊಂಡು ನೇಗಿಲು ಬಿಚ್ಚತೊಡಗಿದ.