ಡೆಸ್ಬಾಳ ಒಂಬತ್ತು ಪೌಂಡು

ಒಂಬತ್ತು ಪೌಂಡು ಕಡಿಮೆ! ತೂಕದ ಯಂತ್ರ ನೋಡಿ ಸೇನಾ ಭರ್ತಿ ಕಚೇರಿಯವರು ಇಷ್ಟೇ ಹೇಳಿ ಡೆಸ್ಬಾಳನ್ನು ಮನೆಗೆ ಕಳಿಸಿಬಿಟ್ಟರು. "ಜೂನ್ ಕೊನೇಲಿ ಬಾ. ಬರೀ ಕೊಬ್ಬು ತುಂಬಿಕೊಂಡು ಬರಬೇಡ, ದಂಡ ಹೊಡೆಯೋಕೂ ಆಗಬೇಕು" ಅಂದರಂತೆ. ಅದು ಹೇಗೆ ಅಂತ ಮಾತ್ರ ಯಾರೂ ಹೇಳಲಿಲ್ಲ.

ಡೆಸ್ಬಾಳನ್ನು ಸಾಕಿದವಳು ಎಲೂಯಿಸ್ ಅಜ್ಜಿ. ನಮ್ಮ ನುಡಿಯಲ್ಲಿ ಡೆಸ್ಬಾ ಎಂದರೆ ಯುದ್ಧಕ್ಕೆ ಹೊರಟವಳು ಎಂದರ್ಥ. ಆ ಹೆಸರಿಟ್ಟವಳೂ ಅಜ್ಜಿಯೇ. ಹತ್ತೊಂಬತ್ತರ ಹುಡುಗಿ ಮುಖ ಸಣ್ಣದು ಮಾಡಿಕೊಂಡು ಪಿಕಪ್ಪಿನಿಂದ ಇಳಿದಾಗ ಅಜ್ಜಿಗೆ ಮೈ ಉರಿದುಹೋಯಿತು.

"ನನ್ನ ಮನೇಲಿ ಊಟಕ್ಕೆ ಗತಿ ಇಲ್ಲ ಅಂದ್ಕೊಂಡ್ರಾ ಅವರು? ಕೊಟ್ಟಿಗೆ ತುಂಬ ಕುರಿ ಇದಾವೆ ನನ್ನ ಹತ್ರ!"

"ಅವರೇನೂ ಹಾಗಂದಿಲ್ಲ ಅಜ್ಜಿ. ತೂಕ ಕಡಿಮೆ ಅಂದ್ರು, ಅಷ್ಟೇ."

ಆ ಶನಿವಾರ ಅಜ್ಜಿ ಮೊಮ್ಮಗಳನ್ನು ಕರೆದುಕೊಂಡು ಚಿನ್ಲಿ ಊರಿನ ಹತ್ತಿರದ ಸಂತೆಗೆ ಹೋದಳು. ಅಲ್ಲಿ ಒಂದು ಮೇಜಿನ ಹಿಂದೆ ಲೆಸ್ಟರ್ ಎಂಬುವನು ನಿಂತಿದ್ದ. ತಲೆಯ ಮೇಲೆ ಮಾಜಿ ಸೈನಿಕರ ಟೋಪಿ, ಮುಂದೆ ಸಾಲಾಗಿ ದೊಡ್ಡ ದೊಡ್ಡ ಡಬ್ಬಗಳು. ಅಮೆರಿಕದ ಮೂಲನಿವಾಸಿಗಳಾದ ನಾವು ನವಾಹೋ ಜನ ಒಬ್ಬರಿಗೊಬ್ಬರು ಎದುರಾದರೆ ಮೊದಲು ನಮ್ಮ ಬೆಡಗು, ಅಂದರೆ ಕುಲದ ಹೆಸರು ಹೇಳಿಕೊಳ್ಳುತ್ತೇವೆ, ಆಮೇಲೆ ಮಿಕ್ಕ ಮಾತು. ಅಜ್ಜಿ ತನ್ನದು ಕಹಿನೀರಿನ ಬೆಡಗು ಅಂದಳೋ ಇಲ್ಲವೋ, ಅವನು ಎರಡೂ ಕೈ ಚಾಚಿದ.

"ಅಯ್ಯೋ ಅಕ್ಕಾ, ನಾನೂ ಕಹಿನೀರಿನವನೇ! ಹಾಗಾದ್ರೆ ಈ ಹುಡುಗಿ ನನಗೂ ಮೊಮ್ಮಗಳಾಗಬೇಕು. ಈ ಪುಡಿ ತಗೊಂಡು ಹೋಗು. ಸೈನ್ಯದಲ್ಲಿ ನಾವೆಲ್ಲ ಇದನ್ನೇ ತಿಂದು ಬೆಳೆದವರು. ದಿನಕ್ಕೆ ಮೂರು ಚಮಚ ಹಾಕು, ಮೂರು ವಾರಕ್ಕೆ ಗೂಳಿ ಆಗ್ತಾಳೆ."

ಡೆಸ್ಬಾ ಡಬ್ಬವನ್ನು ತಿರುಗಿಸಿ ತಿರುಗಿಸಿ ನೋಡಿದಳು. ಬಾವುಟದ ಚಿತ್ರ ಇತ್ತು, ಬಂದೂಕು ಹಿಡಿದ ಸೈನಿಕನ ಚಿತ್ರ ಇತ್ತು. "ಅಜ್ಜಿ, ಇದರೊಳಗೆ ಏನಿದೆ ಅಂತ ಎಲ್ಲೂ ಬರೆದೇ ಇಲ್ವಲ್ಲ?"

"ಬಾಯಿ ಮುಚ್ಚು! ತಾತನ ಮುಂದೆ ಹೀಗಾ ಮಾತಾಡೋದು?"

ಬೆಡಗು ಕೂಡಿದ ಮೇಲೆ ನೆಂಟ. ನೆಂಟನನ್ನು ಅಡ್ಡ ಪ್ರಶ್ನೆ ಕೇಳುವುದು ನಮ್ಮಲ್ಲಿ ಮರ್ಯಾದೆಯಲ್ಲ. ಅದು ಲೆಸ್ಟರನಿಗೂ ಚೆನ್ನಾಗಿ ಗೊತ್ತಿತ್ತು. ಅಜ್ಜಿ ಚಳಿಗಾಲವೆಲ್ಲ ಕೂತು ನೇಯ್ದಿದ್ದ ಕೆಂಪು ಕಂಬಳಿಯನ್ನು ಕೊಟ್ಟು ಒಂದು ಡಬ್ಬ ತಂದಳು.

ಮರುದಿನದಿಂದ ನೀಲಿ ಜೋಳದ ಗಂಜಿಗೆ ಮೂರು ಚಮಚ ಪುಡಿ ಬಿತ್ತು. ಕಲಸಿದವಳೂ ಅಜ್ಜಿ, ಬಡಿಸಿದವಳೂ ಅಜ್ಜಿ. ಎರಡು ವಾರಕ್ಕೆ ಐದು ಪೌಂಡು ಏರಿತು. "ನೋಡಿದ್ಯಾ? ನನ್ನ ತಮ್ಮ ಸುಳ್ಳು ಹೇಳ್ತಾನಾ?" ಎಂದು ಅಜ್ಜಿ ಬೀಗಿದಳು. ಹುಡುಗಿಗೆ ನಿದ್ದೆ ಬರುತ್ತಿರಲಿಲ್ಲ, ಸುಮ್ಮಸುಮ್ಮನೆ ಸಿಡುಕುತ್ತಿದ್ದಳು, ಲೋಟ ಹಿಡಿದರೆ ಕೈ ನಡುಗುತ್ತಿತ್ತು. ಪ್ರಾಯದ ಹುಡುಗಿ, ಸೈನ್ಯದ ಪರೀಕ್ಷೆಯ ಭಯ ಎಂದುಕೊಂಡು ಅಜ್ಜಿ ಪುಡಿ ಕಲಸುತ್ತಲೇ ಹೋದಳು.

ಏಳುವ ಸೂರ್ಯನನ್ನು ಓಡಿ ಎದುರುಗೊಳ್ಳುವುದು ನಮ್ಮ ಹಿರಿಯರ ಪದ್ಧತಿ; ಡೆಸ್ಬಾ ದಿನವೂ ಮುಂಜಾನೆ ಪೂರ್ವಕ್ಕೆ ಓಡುತ್ತಿದ್ದಳು. ಮನೆಯ ಹತ್ತಿರದ ದಿಣ್ಣೆ ಹತ್ತಿದ ಮೇಲೆ ಸೂರ್ಯನಿಗೆ ಕೇಳುವ ಹಾಗೆ ಒಂದು ಕೂಗು ಹಾಕುತ್ತಿದ್ದಳು. ಆ ಕೂಗು ಕಿವಿಗೆ ಬಿದ್ದ ಮೇಲೆಯೇ ಅಜ್ಜಿ ಒಲೆಯ ಮೇಲೆ ಪಾತ್ರೆ ಇಡುತ್ತಿದ್ದದ್ದು. ಒಂದು ದಿನ ಬೆಳಕು ಹರಿಯಿತು, ಕೂಗು ಬರಲಿಲ್ಲ.

ಅಜ್ಜಿ ಕೈಲಿದ್ದ ಖಾಲಿ ಪಾತ್ರೆ ಅಲ್ಲೇ ಬಿಸಾಕಿ ಓಡಿದಳು. ಕುರಿದೊಡ್ಡಿಯ ಬೇಲಿಗೆ ಒರಗಿ ಹುಡುಗಿ ನೆಲದ ಮೇಲೆ ಕೂತಿದ್ದಳು. ತುಟಿ ಬಿಳಿಚಿತ್ತು. "ಅಜ್ಜೀ, ಎದೆ ಹಾರಿಹೋಗೋ ಹಾಗೆ ಹೊಡ್ಕೊಳ್ತಿದೆ. ನಿಲ್ತಾನೇ ಇಲ್ಲ."

ಪುಣ್ಯಕ್ಕೆ ಅದು ರೊವೀನಾ ಬರುವ ದಿನ. ರೊವೀನಾ ನಮ್ಮ ಕಡೆಯ ಆರೋಗ್ಯ ಕಾರ್ಯಕರ್ತೆ, ಅಜ್ಜಿಯ ಸಕ್ಕರೆ ಕಾಯಿಲೆ ನೋಡಲು ವಾರಕ್ಕೊಮ್ಮೆ ಬೆಳಿಗ್ಗೆಯೇ ಬರುತ್ತಾಳೆ. ಬಂದವಳು ಹುಡುಗಿಯ ನಾಡಿ ಹಿಡಿದು ನೋಡಿದಳು. ತಕ್ಷಣ ಇಬ್ಬರನ್ನೂ ತನ್ನ ಗಾಡಿಗೆ ಹತ್ತಿಸಿದಳು. ಹೊರಡುವ ಮುಂಚೆ ಒಲೆಯ ಪಕ್ಕದ ಡಬ್ಬ ಅವಳ ಕಣ್ಣಿಗೆ ಬಿತ್ತು. ಅದನ್ನೂ ಎತ್ತಿಕೊಂಡಳು.

ಆಸ್ಪತ್ರೆಯಲ್ಲಿ ಎದೆಗೆ ತಂತಿ ಹಚ್ಚಿ ಎರಡು ದಿನ ಮಲಗಿಸಿದರು. "ಈ ಪುಡಿ ಇನ್ನೂ ಸ್ವಲ್ಪ ದಿನ ತಿಂದಿದ್ರೆ ನಾನೇನೂ ಹೇಳೋ ಹಾಗಿರ್ತಿರಲಿಲ್ಲ" ಅಂದರು ಡಾಕ್ಟರು. ಎರಡು ದಿನ ಕಳೆದು ತೂಗಿದರೆ ಐದು ಪೌಂಡಿನಲ್ಲಿ ನಾಲ್ಕು ಮಾಯ! ಏರಿದ್ದು ಬರೀ ಮೈಯಲ್ಲಿ ನಿಂತ ನೀರಿನ ಬಾವು.

ಅಜ್ಜಿ ಆಗಲೂ ಪೂರ್ತಿ ಒಪ್ಪಲಿಲ್ಲ. "ಬೆಡಗಿನವನು ಕಣೇ ಅವನು. ಬೆಡಗಿನವನು ವಿಷ ಕೊಡ್ತಾನಾ?"

"ದೊಡ್ಡಮ್ಮ, ಬೆಡಗು ಬಾಯಲ್ಲಿ ಹೇಳೋಕೆ ಏನು ಕಷ್ಟ?" ರೊವೀನಾಳಿಗೂ ಸಿಟ್ಟು ಬಂದಿತ್ತು. "ಹೀಗೆ ಹೆಸರು ವಿಳಾಸ ಇಲ್ಲದ ಪುಡಿಗಳಲ್ಲಿ ಎದೆ ಓಡಿಸೋ ಮದ್ದು ಬೆರೆಸಿರ್ತಾರೆ, ಗಂಡಸರ ಹಾರ್ಮೋನು ಬೆರೆಸಿರ್ತಾರೆ. ಹೆಣ್ಣುಮಕ್ಕಳಿಗೆ ಮುಟ್ಟು ನಿಲ್ಲುತ್ತೆ, ದನಿ ಒಡೆಯುತ್ತೆ, ಗಡ್ಡ ಬರುತ್ತೆ. ಸೈನ್ಯದ ಪರೀಕ್ಷೇಲಿ ಸಿಕ್ಕಿಬಿದ್ರೆ ಕೆಲಸಕ್ಕೂ ಕಲ್ಲು. ನಿನ್ನ ತಮ್ಮ ಇದನ್ನೆಲ್ಲ ಹೇಳಿದ್ನಾ?"

ಅಜ್ಜಿಯ ಕಣ್ಣ ಮುಂದೆ ಗಂಜಿಯ ಬಟ್ಟಲು ಬಂತು, ತಾನೇ ಕಲಸಿದ ಚಮಚ ಬಂತು. "ಹುಡುಗಿ ಕೇಳಿದ್ಲು. ಏನೂ ಬರೆದಿಲ್ಲ ಅಜ್ಜಿ ಅಂದ್ಲು. ನಾನೇ ಬಾಯಿ ಮುಚ್ಚಿಸಿದೆ" ಎಂದು ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಅತ್ತಳು. ಅತ್ತು ಮುಗಿದ ಮೇಲೆ ಅವಳ ಕೋಪಕ್ಕೆ ಒಂದು ದಿಕ್ಕು ಸಿಕ್ಕಿತು.

ಶನಿವಾರ ಸಂತೆ ತುಂಬಿತ್ತು. ಅಜ್ಜಿ ರೊವೀನಾಳ ಗಾಡಿಯಿಂದ ಇಳಿದು ನೆಟ್ಟಗೆ ಲೆಸ್ಟರನ ಮೇಜಿನ ಮುಂದೆ ಹೋಗಿ ಡಬ್ಬ ಕುಕ್ಕಿದಳು. ತನ್ನ ಕೆಂಪು ಕಂಬಳಿ ಆ ಮೇಜಿನ ಮೇಲೇ ಹಾಸಿತ್ತು.

"ತಮ್ಮಾ, ಇದರೊಳಗೆ ಏನಿದೆ?"

"ಅದೇ ಅಕ್ಕಾ, ಶಕ್ತಿ ಕೊಡೋದು..."

"ಹೆಸರು ಹೇಳು."

ಅವನು ನಕ್ಕ. "ಕಂಪನಿಯವರಿಗೆ ಗೊತ್ತು, ನನಗೇನು ಗೊತ್ತು?"

"ಗೊತ್ತಿಲ್ದೇ ಮೊಮ್ಮಗಳಿಗೆ ತಿನ್ನಿಸು ಅಂದ್ಯಾ? ಆಯ್ತು. ಸೈನ್ಯದಲ್ಲಿ ತಿಂದು ಬೆಳೆದೋನು ನೀನು. ಇಗೋ ಚಮಚ, ಇಗೋ ನೀರು. ಮೂರು ಚಮಚ ಕಲಸ್ಕೊಂಡು ನನ್ನ ಕಣ್ಣೆದುರು ಕುಡಿ!"

ಸುತ್ತ ಜನ ಸೇರಿದರು. ಲೆಸ್ಟರ್ ಚಮಚ ನೋಡಿದ, ಜನರನ್ನು ನೋಡಿದ. ಕೊನೆಗೆ ದನಿ ತಗ್ಗಿಸಿ, "ನನಗೆ ಬಿ.ಪಿ. ಇದೆ ಅಕ್ಕಾ. ಇಂಥದ್ದೆಲ್ಲ ನನಗೆ ಆಗಲ್ಲ" ಅಂದ.

ಥೂ ಅವನ! ತನ್ನ ಎದೆಗೆ ಆಗದ್ದು ಊರ ಮಕ್ಕಳ ಎದೆಗೆ ಆಗುತ್ತದಂತೆ!

"ಅಕ್ಕ ಅನ್ನಬೇಡ ಇನ್ಮೇಲೆ. ನಮ್ಮಲ್ಲಿ ನೆಂಟ ಅಂದ್ರೆ ಮೊದಲು ತಾನು ತಿಂದು ನೋಡಿ, ಆಮೇಲೆ ಮಗುವಿನ ಬಾಯಿಗಿಡೋನು" ಎಂದಳು ಅಜ್ಜಿ. ಡಬ್ಬಗಳ ಕೆಳಗಿಂದ ಕಂಬಳಿಯನ್ನು ಸರ್ರನೆ ಎಳೆದಳು. ಡಬ್ಬಗಳು ಉರುಳಿ ಮಣ್ಣಿಗೆ ಬಿದ್ದವು. ಎತ್ತಿಕೊಡಲು ಒಬ್ಬರೂ ಬಗ್ಗಲಿಲ್ಲ.

ಮನೆಗೆ ಮರಳುವಾಗ ಗಾಡಿಯಲ್ಲಿ ರೊವೀನಾ ನಗು ತಡೆಯಲಾರದೆ ಹೇಳಿದಳು: "ಅವನು ಕುಡಿದೇಬಿಟ್ಟಿದ್ರೆ ಏನ್ ಮಾಡ್ತಿದ್ದೆ ದೊಡ್ಡಮ್ಮ? ಕುಡಿದ ಮಾತ್ರಕ್ಕೆ ಒಳ್ಳೇದು ಅಂತ ನಂಬೋಕಾಗಲ್ಲ. ಒಳಗೇನಿದೆ ಅಂತ ಬರೆದಿರಬೇಕು, ಡಾಕ್ಟರಿಗೆ ತೋರಿಸಬೇಕು."

"ಆ ಪುಡಿಯ ಸುದ್ದಿ ಬಿಡು. ಇವಳ ಮೈಗೆ ತೂಕ ಬರೋ ದಾರಿ ಹೇಳು."

"ಬರೀ ಹೊಟ್ಟೇಲಿ ಐದು ಮೈಲಿ ಓಡಿಸಿ, ಬಂದಮೇಲೆ ಗಂಜಿ ಕೊಟ್ರೆ ತೂಕ ಎಲ್ಲಿಂದ ಬರಬೇಕು? ತಿಂದಿದ್ದೆಲ್ಲ ಓಡಿ ಕಳ್ಕೊಳ್ತಿದಾಳೆ."

"ಓಡೋದು ಬಿಡು ಅಂತೀಯಾ? ಸೂರ್ಯ ಬರೋವಾಗ ಮಲಗಿರು ಅಂತೀಯಾ?" ಅಜ್ಜಿ ಮತ್ತೆ ಕೆಂಡವಾದಳು.

"ಬಿಡೋದು ಬೇಡ. ಡಾಕ್ಟರು ಹೂಂ ಅಂದ ಮೇಲೆ ಒಂದು ಮೈಲಿ ಓಡಲಿ, ಕೂಗು ಹಾಕಲಿ, ತಿರುಗಿ ಬರಲಿ. ಸೂರ್ಯ ಮೈಲಿ ಎಣಿಸಲ್ಲ ದೊಡ್ಡಮ್ಮ."

ಅಜ್ಜಿಗೆ ನಗು ಬಂತು. ಎದೆ ಸರಿಯಾಗಿದೆ ಎಂದು ಡಾಕ್ಟರು ಹೇಳಿದ ದಿನದಿಂದ ಮನೆಯಲ್ಲಿ ಹೊಸ ಲೆಕ್ಕ ಶುರುವಾಯಿತು. ಬೆಳಿಗ್ಗೆ ಗಂಜಿಯ ಜೊತೆ ಮೊಟ್ಟೆ, ಹಾಲು. ಮಧ್ಯಾಹ್ನ ಹುರುಳಿಕಾಯಿ ಬೀಜದ ಸಾರು, ರೊಟ್ಟಿ. ಸಂಜೆ ಕುರಿಮಾಂಸ, ಆಲೂಗೆಡ್ಡೆ. ಮಧ್ಯೆ ಹಸಿವಾದರೆ ಕಡಲೆಕಾಯಿ. ಕರಿದ ರೊಟ್ಟಿಗೆ ವಾರಕ್ಕೊಂದೇ ದಿನ. ದಿನ ಬಿಟ್ಟು ದಿನ ದಂಡ, ಬಸ್ಕಿ, ಮರಳು ತುಂಬಿದ ಹಿಟ್ಟಿನ ಚೀಲ ಎತ್ತುವುದು. ಮೊದಲು ಅರ್ಧ ಚೀಲ, ಎರಡು ವಾರಕ್ಕೊಮ್ಮೆ ನಾಲ್ಕು ಬೊಗಸೆ ಮರಳು ಹೆಚ್ಚು. ನಡುವಿನ ದಿನ ಮೈಗೆ ವಿಶ್ರಾಂತಿ, ರಾತ್ರಿ ಎಂಟು ಗಂಟೆ ನಿದ್ದೆ. "ಎತ್ತಿದಾಗ ಮೈ ದಣಿಯುತ್ತೆ, ತಿಂದು ಮಲಗಿದಾಗ ಬೆಳೆಯುತ್ತೆ" ಎನ್ನುತ್ತಿದ್ದಳು ರೊವೀನಾ.

ಮೊದಲ ವಾರ ಮುಕ್ಕಾಲು ಪೌಂಡೂ ಏರಲಿಲ್ಲ. "ಇಷ್ಟೇನಾ?" ಎಂದು ಡೆಸ್ಬಾ ಮುಖ ಬಾಡಿಸಿಕೊಂಡಳು. "ಕುರಿಮರಿ ಒಂದೇ ವಾರಕ್ಕೆ ಟಗರಾಗುತ್ತಾ? ತಿನ್ನು, ಸುಮ್ನೆ ತಿನ್ನು" ಎಂದು ಅಜ್ಜಿ ತಟ್ಟೆಗೆ ಇನ್ನೊಂದು ತುಂಡು ಹಾಕಿದಳು.

ಹನ್ನೆರಡು ವಾರ ಕಳೆಯಿತು. ಜೂನ್ ಕೊನೆಗೆ ಕೆಂಪು ಕಂಬಳಿಯನ್ನು ಪಿಕಪ್ಪಿನ ಸೀಟಿಗೆ ಹಾಸಿ, ಅದರ ಮೇಲೆ ಮೊಮ್ಮಗಳನ್ನು ಕೂರಿಸಿಕೊಂಡು ಅಜ್ಜಿ ಭರ್ತಿ ಕಚೇರಿಗೆ ಹೋದಳು. ಡೆಸ್ಬಾ ತೂಗಿಸಿಕೊಂಡಳು. ಬೇಕಾದ ತೂಕಕ್ಕಿಂತ ಅರ್ಧ ಪೌಂಡು ಹೆಚ್ಚೇ ಇತ್ತು! "ಏನು ತಿಂದೆಯಮ್ಮ?" ಎಂದು ಅಲ್ಲಿಯವರು ಕೇಳಿದರೆ, ಬಾಗಿಲಲ್ಲಿ ನಿಂತ ಅಜ್ಜಿಯೇ ಉತ್ತರ ಕೊಟ್ಟಳು: "ಹೆಸರಿರೋ ಊಟ ತಿಂದ್ಲು. ಬರೋ ಮಕ್ಕಳನ್ನ ಬರೀ ತೂಗಿ ಕಳಿಸಬೇಡಿ, ದಾರಿಯನ್ನೂ ಹೇಳಿ ಕಳಿಸಿ."

ಸೈನ್ಯಕ್ಕೋ ಪೊಲೀಸಿಗೋ ತಯಾರಾಗುತ್ತಿರುವ ಮಗ, ಮಗಳು ನಿಮ್ಮ ಮನೆಯಲ್ಲೂ ಇರಬಹುದು. ತೂಕ ಸಾಲದು ಎಂದು ಯಾರಾದರೂ ಹೇಳಿದರೆ ಗಾಬರಿ ಬೇಡ. ಮೂರು ತಿಂಗಳು ಮೊದಲೇ ಶುರುಮಾಡಿ. ಹೊಟ್ಟೆ ತುಂಬ ಒಳ್ಳೆಯ ಊಟ ಹಾಕಿ, ಭಾರ ಎತ್ತಿಸಿ, ನಿದ್ದೆ ಮಾಡಲು ಬಿಡಿ, ಹತ್ತಿರದ ಡಾಕ್ಟರಿಗೆ ಒಮ್ಮೆ ತೋರಿಸಿ. ಮೂರು ವಾರದಲ್ಲಿ ಮೈ ಬರಿಸುತ್ತೇನೆ ಎಂದು ಡಬ್ಬ ಹಿಡಿದು ಬಂದವನು ನೆಂಟನಾಗಿರಲಿ, ಗುರುವಾಗಿರಲಿ, ಟೋಪಿ ಹಾಕಿದವನಾಗಿರಲಿ, ಒಳಗೇನಿದೆ ಎಂದು ಕೇಳಿ. ನಿಮ್ಮ ಮಗುವೇ ಆ ಪ್ರಶ್ನೆ ಕೇಳಿದರೆ, ದಯವಿಟ್ಟು ಅದರ ಬಾಯಿ ಮುಚ್ಚಿಸಬೇಡಿ.