ಬೀಗ ಹಾಕಿದ ಆಟಗಾರ

ವೀಡಿಯೋ ಆಟ ಬಿಡುಗಡೆಯಾದ ಭಾನುವಾರ ಗಂಗೊಳ್ಳಿಯ ಚಂದಯ್ಯನವರ ಮನೆಯ ಚಾವಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಅವರ ಅಂಗಡಿಗೆ ಬಲೆ, ಹಗ್ಗ ಕೊಳ್ಳಲು ಬರುವ ಬೋಟಿನವರು, ದೊಣ್ಣೆವರಸೆಯ ತಾಲೀಮು ತಂಡದ ಹುಡುಗರು, ಆಚೆಮನೆ ಈಚೆಮನೆಯ ಹೆಂಗಸರು ಎಲ್ಲ ಟಿ.ವಿ. ಎದುರು ಸೇರಿದ್ದರು. ಟಿ.ವಿ.ಗೆ ಲ್ಯಾಪ್‌ಟಾಪಿನ ವೈರು ಸಿಕ್ಕಿಸುತ್ತಿದ್ದವಳು ವಿನಯಾ. ಬರುವುದೇ ಬೇಡ ಎಂದುಕೊಂಡಿದ್ದಳು. ಆದರೆ ಮಾವ ತಾವೇ ಫೋನು ಮಾಡಿ ಕರೆದ ಮೇಲೆ ಇಲ್ಲವೆನ್ನಲು ಬಾಯಿ ಬರಲಿಲ್ಲ.

ಚಂದಯ್ಯ ಅವಳ ತಾಯಿ ಅಮ್ಮಣ್ಣಿಯ ಅಣ್ಣ. ಚೌತಿಯ ಗಣಪತಿ ಮೆರವಣಿಗೆಯಲ್ಲಿ ಅವರು ದೊಣ್ಣೆ ತಿರುಗಿಸುತ್ತ ಬಂದರೆ ಇಕ್ಕೆಲದ ಜನ ತಾವಾಗಿಯೇ ಎರಡು ಹೆಜ್ಜೆ ಹಿಂದೆ ಸರಿಯುತ್ತಿದ್ದರು. ಅರವತ್ತು ದಾಟಿದರೂ ತಾಲೀಮು ತಂಡಕ್ಕೆ ಅವರೇ ಗುರು. ವಿನಯಾ ಕೆಲಸ ಮಾಡುವ ಕಂಪನಿ ಕಾಳಗದ ವೀಡಿಯೋ ಗೇಮೊಂದನ್ನು ಮಾಡಲು ಹೊರಟಾಗ ಅದಕ್ಕೆ ಮಾವನ ದೊಣ್ಣೆವರಸೆ ಬೇಕೆಂದು ಹೇಳಿದವಳು ಅವಳೇ. ಅವರನ್ನು ಬ್ರಹ್ಮಾವರಕ್ಕೆ ಕರೆಸಿ, ಮೈಗಂಟುವ ಕರಿ ಉಡುಪು ತೊಡಿಸಿ, ಕೀಲು ಕೀಲಿಗೂ ಸೆನ್ಸರ್ ಕಟ್ಟಿ, ಪ್ರತಿಯೊಂದು ವರಸೆಯನ್ನೂ ಕಂಪ್ಯೂಟರಿಗೆ ಇಳಿಸಿಕೊಂಡಿದ್ದರು.

"ಇದೆಂತದ್ ಹೆಣ್ಣೇ, ನಾನ್ ಬಲಿಗ್ ಬಿದ್ದ್ ಬೊಂಡಾಸ್ ಮೀನಿನ ಹಾಂಗ್ ಕಾಣ್ತಾ ಇದ್ದೆ ಅಲ್ದಾ!" ಎಂದು ಅವರು ಕನ್ನಡಿಯ ಮುಂದೆ ನಿಂತು ನಕ್ಕಾಗ ಆಫೀಸಿಗೆ ಆಫೀಸೇ ನಕ್ಕಿತ್ತು. ಆ ದಿನ ಒಂದು ಸುತ್ತಿನಲ್ಲಿ ಅವರ ಎಡ ಮೊಣಕಾಲು ಕೊಂಚ ಕುಸಿದದ್ದು ನಿಜ. ಆದರೆ ಮರುಕ್ಷಣವೇ ಎದ್ದು ಅದೇ ಸುತ್ತನ್ನು ಇನ್ನೂ ಚೆನ್ನಾಗಿ ಮಾಡಿ ತೋರಿಸಿದ್ದರು.

ಈಗ ಟಿ.ವಿ.ಯಲ್ಲಿ ಆಟ ತೆರೆದುಕೊಂಡಿತು. ಆಟಗಾರರನ್ನು ಆರಿಸುವ ಪುಟ ಬಂತು. ಮೀನುಗಾರ, ಕುಸ್ತಿಯವನು, ಕಳರಿ ಕಲಿತ ಹೆಣ್ಣು, ಹೀಗೆ ಸಾಲಾಗಿ ಮುಖಗಳು. ಕೊನೆಯ ಚೌಕದಲ್ಲಿ ಮಾತ್ರ ಮುಖವಿಲ್ಲದ ಕಪ್ಪು ನೆರಳೊಂದು, ಅದರ ಮೇಲೊಂದು ಬೀಗದ ಚಿತ್ರ.

"ಹ್ವಾಯ್, ಚಂದಯ್ಯಣ್ಣ ಎಲ್ಲಿ? ಕಾಣ್ತಿಲ್ಲೆ ಅಲೆ?" ಎಂದ ತಾಲೀಮು ತಂಡದ ಹುಡುಗ ಕುಷ್ಟ.

ಚಂದಯ್ಯ ಮುಂದೆ ಬಾಗಿ ಆ ನೆರಳನ್ನು ನೋಡಿದರು. ಆಮೇಲೆ ವಿನಯಾಳ ಕಡೆ ತಿರುಗಿ ಸಣ್ಣ ದನಿಯಲ್ಲಿ ಕೇಳಿದರು: "ಸರಿ ಬರ್ಲಿಲ್ಯಾ ಮಗಾ? ಕಾಲ್ ಎಡವಿದ್ ಕಂಡಿತಾ?"

ಇಲ್ಲ ಮಾವ, ನೀವು ಮಾಡಿದ್ದೇ ಎಲ್ಲರಿಗಿಂತ ಚಂದ ಬಂದಿದೆ ಎಂದು ಹೇಳಬೇಕಿತ್ತು. ಆದರೆ ಹಾಗೆಂದರೆ, ಮತ್ತೆ ಯಾಕೆ ಇಲ್ಲ ಎಂಬ ಪ್ರಶ್ನೆ ಬರುತ್ತಿತ್ತು. ಅದಕ್ಕೆ ಉತ್ತರ ಅವಳೇ ಆಗಿದ್ದಳು. ಅಷ್ಟು ಜನರ ಎದುರು ಅವಳ ಬಾಯಿಂದ ಬಂದದ್ದು ಬೇರೆಯೇ ಮಾತು.

"ಒಂಚೂರ್ ಸರಿ ಮಾಡೂಕಿತ್ತ್ ಮಾವ. ಮುಂದೆ ಬತ್ತ್."

"ಆಯ್ಲಿ, ಆಯ್ಲಿ. ಗಡಿಬಿಡಿ ಎಂತದ್ದಿಲ್ಲೆ," ಎಂದ ಚಂದಯ್ಯ ಎಡಗಾಲನ್ನು ಮೆಲ್ಲನೆ ಕುರ್ಚಿಯಡಿಗೆ ಎಳೆದುಕೊಂಡರು.

ನಡೆದದ್ದು ಇಷ್ಟು. ಬೈಂದೂರಿನ ರಾಜೇಂದ್ರ ಮುಂಬಯಿಯ ಹೋಟೆಲಿನಲ್ಲಿದ್ದ ತನ್ನ ಪಾಲನ್ನು ಅಣ್ಣನಿಗೆ ಬಿಟ್ಟುಕೊಟ್ಟು ಬಂದು, ಬ್ರಹ್ಮಾವರದಲ್ಲಿ ಬೇಕರಿಯೊಂದರ ಮೇಲಿನ ಮಹಡಿ ಹಿಡಿದು ಈ ಕಂಪನಿ ಕಟ್ಟಿದ್ದ. ಇದ್ದವರು ಬೆರಳೆಣಿಕೆಯ ಜನ. ಆಟ ಮುಗಿಯುತ್ತ ಬಂದಾಗ ವಿನಯಾ ಒಂದು ಸಲಹೆ ಕೊಟ್ಟಳು. ಇಂಥ ಗೇಮುಗಳು ಬಿಡುಗಡೆಯಾದ ಮೇಲೆ ಹೊಸ ಆಟಗಾರರನ್ನು ಒಬ್ಬೊಬ್ಬರಾಗಿ ದುಡ್ಡಿಗೆ ಮಾರುವುದು ಈಗ ರೂಢಿ. ನಾವೂ ಒಬ್ಬನನ್ನು ಹಿಡಿದಿಟ್ಟುಕೊಂಡು ಮೂರು ತಿಂಗಳು ಬಿಟ್ಟು ಬೇರೆಯಾಗಿ ಮಾರೋಣ ಎಂದಳು.

ಚಿತ್ರ ಬರೆಯುವ ಕೀರ್ತನ್ ಒಪ್ಪಲಿಲ್ಲ. "ಹೊಸದಾಗಿ ಮಾಡಿ ಮಾರು, ನಾ ಬೇಡ ಅಂಬುದಿಲ್ಲೆ. ಅದ್ಕೆ ಕೆಲ್ಸ ಇತ್ತ್. ಮಾಡಿ ಮುಗ್ಸಿದ್ದನ್ನ ಅಡ್ಗಿಸಿಡುದ್ ಎಂತಕ್ಕೆ? ಜನರನ್ನ ಊಟಕ್ಕೆ ಕೂರ್ಸಿ, ಪಾಯ್ಸ ಒಳ್ಗಿತ್ತ್, ಅದ್ಕೆ ಬೇರೆ ಕಾಸ್ ಅಂದಾಂಗೆ ಆತ್ತಲೆ."

"ಹೊಸದ್ ಮಾಡೂಕೆ ಆರ್ ತಿಂಗ್ಳ್ ಬೇಕ್. ಅಲ್ಲಿವರಿಗ್ ನಮ್ಗೆ ಸಂಬ್ಳ ಯಾರ್ ಕೊಡ್ತ್ರ್?" ಎಂದು ವಿನಯಾ ಅವನ ಬಾಯಿ ಮುಚ್ಚಿಸಿದಳು. ಯಾರನ್ನು ಹಿಡಿದಿಡುವುದೆಂಬ ಮಾತು ಬಂದಾಗ, ಎಲ್ಲರಿಗೂ ಇಷ್ಟವಾದವನನ್ನೇ ಇಡಬೇಕು, ಇಲ್ಲದಿದ್ದರೆ ಕೊಳ್ಳುವವರು ಯಾರು ಎಂದವಳೂ ಅವಳೇ. ಮಾವನ ವರಸೆಯ ದೊಣ್ಣೆಯವನೇ ಎಲ್ಲರಿಗೂ ಇಷ್ಟವಾಗಿದ್ದ. ಆಗ ಪರದೆಯ ಮೇಲೆ ಅವಳಿಗೆ ಕಂಡದ್ದು ಮಾವನಲ್ಲ, ಚೆನ್ನಾಗಿ ಖರ್ಚಾಗುವ ಒಂದು ಮಾಲು.

ಗಂಗೊಳ್ಳಿಯಿಂದ ಮರಳಿದ ಮೇಲೆ ದಿನಾ ಬೆಳಿಗ್ಗೆ ಮಾವನಿಗೊಂದು ಫೋನು ಮಾಡಬೇಕೆಂದುಕೊಳ್ಳುವಳು. ಫೋನು ಕೈಗೆತ್ತಿಕೊಂಡು, ಕೆಲಸದ ನೆಪ ಹೇಳಿಕೊಂಡು ಕೆಳಗಿಡುವಳು. ಅಷ್ಟರಲ್ಲಿ ಚಂದಯ್ಯನವರ ಹೆಂಡತಿ, ಅತ್ತೆ ಪ್ರಭಾವತಿಯ ಫೋನು ಬಂತು.

"ನಿನ್ ಮಾವಂಗೆ ಎಂತ ಆಯ್ತೋ ಗೊತ್ತಿಲ್ಲೆ ಮಾರಾಯ್ತಿ. ಮಧ್ಯಾಹ್ನ ಅಂಗ್ಡಿ ಬಾಗ್ಲ್ ಹಾಕಿ ಹಿತ್ಲಲ್ಲ್ ದೊಣ್ಣೆ ತಿರ್ಗ್ಸ್ತಾ ಇರ್ತ್ರ್. ಮೊಣ್ಕಾಲ್ ಊದಿ ತೆಂಗಿನ್ಕಾಯಿ ಆಯಿತ್. ಸಾಕ್ ಅಂದ್ರೆ ಕೇಂತಿಲ್ಲೆ. ನೀನಾರೂ ಒಂದ್ ಮಾತ್ ಹೇಳ್."

"ಹೇಳ್ತೆ ಅತ್ತೆ," ಎಂದಳು ವಿನಯಾ. ಹೇಳಲಿಲ್ಲ. ಇನ್ನು ಸ್ವಲ್ಪ ದಿನ, ಮಾವ ಆಟದಲ್ಲಿ ಬಂದುಬಿಡುತ್ತಾರೆ, ಆಮೇಲೆ ಎಲ್ಲ ತಾನಾಗಿ ಸರಿಹೋಗುತ್ತದೆ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಆದರೆ ಅನ್ನದ ಮುಂದೆ ಕುಳಿತರೆ ಆ ಊದಿದ ಮೊಣಕಾಲು ಕಣ್ಣೆದುರು ಬರುತ್ತಿತ್ತು. "ಎಂತ ಆಯ್ತ್ ನಿಂಗೆ? ಮೈ ಸರಿ ಇಲ್ಯಾ?" ಎಂದು ತಾಯಿ ಕೇಳಿದಾಗ ಸಿಟ್ಟಿನಿಂದ ತಟ್ಟೆ ಬಿಟ್ಟು ಎದ್ದಿದ್ದಳು.

ಒಂದು ಬುಧವಾರ ಬೆಳಿಗ್ಗೆ ಆಫೀಸಿನ ಮೆಟ್ಟಿಲಲ್ಲಿ ಯಾರೋ ಒಂದೊಂದೇ ಹೆಜ್ಜೆ ಇಟ್ಟು ಹತ್ತಿ ಬರುವ ಸದ್ದಾಯಿತು. ಬಾಗಿಲಲ್ಲಿ ಚಂದಯ್ಯ ನಿಂತಿದ್ದರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಕೈಯಲ್ಲಿ ಬಟ್ಟೆ ಸುತ್ತಿದ ದೊಣ್ಣೆ. ವಿನಯಾ ಕುರ್ಚಿಯಿಂದ ಏಳುವ ಮೊದಲೇ ರಾಜೇಂದ್ರ ಎದುರುಹೋಗಿ ಅವರ ಕೈ ಹಿಡಿದುಕೊಂಡ.

"ಬನ್ನಿ, ಬನ್ನಿ! ಹೇಳಿದ್ರೆ ಕಾರ್ ಕಳ್ಸ್ತಿದ್ನಲೆ."

"ಕಾರ್ ಎಂತಕ್ಕೆ, ಬಸ್ಸಿತ್ತಲೆ." ಚಂದಯ್ಯ ನಿಂತೇ ಮಾತಾಡಿದರು. "ನಾನ್ ಒಂದ್ ಕೇಂಬುಕೆ ಬಂದದ್ದ್. ಆ ದಿನ ಕಾಲ್ ಕೈ ಕೊಟ್ಟಿತ್ತ್. ಈಗ ಮಸ್ತ್ ಅಭ್ಯಾಸ ಮಾಡಿದೆ. ಇನ್ನೊಂದ್ ಸಲ ತೆಗುಕೆ ಆತ್ತಾ ಕಾಣಿ. ನಿಮ್ಗೆ ಖರ್ಚ್ ಆತ್ತ್ ಅಂದ್ರೆ ಬ್ಯಾಡ. ನನ್ನಿಂದ ಆ ಹೆಣ್ಣಿನ ಹೆಸ್ರ್ ಹಾಳಾಪ್ದ್ ಬ್ಯಾಡ ಅಂದೇಳಿ."

ರಾಜೇಂದ್ರ ಅರ್ಥವಾಗದೆ ನಕ್ಕ. "ಎಂತ ಹೇಳ್ತ್ರಿ ಚಂದಯ್ಯಣ್ಣ? ನಿಮ್ದ್ ಆ ದಿನವೇ ಚಂದ ಬಂದದ್ದ್! ನಮ್ಮಲ್ಲಿ ಇಪ್ಪುದ್ರಲ್ಲೇ ಫಸ್ಟ್ ಕ್ಲಾಸ್ ನೀವೇ. ಅದ್ಕೇ ಅಲ್ದಾ, ನಿಮ್ಮನ್ನ ಆಟದಲ್ಲ್ ಸುಮ್ನೆ ಕೊಡುದ್ ಬ್ಯಾಡ, ಬೇರೆ ಇಟ್ಟ್ ಮಾರುವ ಅಂದೇಳಿ ವಿನಯಾ ಹಟ ಹಿಡ್ದದ್ದ್. ಇನ್ನ್ ಕಾಣಿ, ಮುಂದಿನ್ ತಿಂಗ್ಳ್ ಬತ್ತ್ರಿ ನೀವ್."

ಹೊಗಳಿಕೆಯ ಮಾತು ಅದು. ಆದರೆ ಚಂದಯ್ಯನವರ ಮುಖದಲ್ಲಿ ನಗು ಮೂಡಲಿಲ್ಲ. ಅವರು ತಂಗಿಯ ಮಗಳತ್ತ ನೋಡಿದರು. ವಿನಯಾ ತಲೆ ತಗ್ಗಿಸಿದಳು. ಕೀರ್ತನ್ ಕೂಡ ಪರದೆಯಿಂದ ಮುಖ ಎತ್ತಲಿಲ್ಲ.

"ಹಾಂಗಾ," ಎಂದರು ಚಂದಯ್ಯ. "ಆಯ್ತ್ ಹಾಂಗಾರೆ. ನಾ ಬತ್ತೆ."

ಚಹಾ ಕುಡಿದು ಹೋಗಿ ಎಂದರೂ ನಿಲ್ಲಲಿಲ್ಲ. ವಿನಯಾ ಅವರ ಹಿಂದೆಯೇ ಇಳಿದಳು. ಇಳಿಯುವಾಗ ಅವರು ಪ್ರತಿ ಮೆಟ್ಟಿಲಿಗೂ ಗೋಡೆ ಹಿಡಿಯುತ್ತಿದ್ದರು. ತೋಳು ಕೊಡಲು ಹೋದಳು, ಧೈರ್ಯ ಬರಲಿಲ್ಲ. ಹೆದ್ದಾರಿ ಬದಿಯ ನಿಲ್ದಾಣದಲ್ಲಿ ಕುಂದಾಪುರದ ಬಸ್ಸೊಂದು ಬಂದು ನಿಂತಿತು. ಕಂಡಕ್ಟರ್ ಕೂಗಿದರೂ ಚಂದಯ್ಯ ಹತ್ತಲಿಲ್ಲ. ಬಸ್ಸು ಹೋಯಿತು.

"ಮಾವ, ತಪ್ಪಾಯ್ತ್," ಎಂದಳು.

"ನೀ ಮಾರೂಕೆ ಹೊರ್ಟದ್ದಕ್ಕೆ ನಂಗೆಂತ ಬೇಜಾರಿಲ್ಲೆ ಹೆಣ್ಣೇ. ನಾನೂ ಅಂಗ್ಡಿ ಇಟ್ಟವನೇ. ನಾಕ್ ಕಾಸ್ ಬರ್ಕ್, ಸಂಬ್ಳ ಕೊಡ್ಕ್. ಅದೆಲ್ಲ ನಂಗೂ ಗೊತ್ತಿತ್ತ್." ಅವರು ರಸ್ತೆಯ ಆಚೆ ನೋಡುತ್ತ ಮಾತಾಡುತ್ತಿದ್ದರು. "ಆದ್ರೆ ನಾನ್ ಇಷ್ಟ್ ದಿನವೂ ಈ ಕಾಲಿಗ್ ಬೈತಾ ಇದ್ದೆ. ಊರೆದ್ರ್ ನನ್ ಮರ್ಯಾದಿ ತೆಗೀತ್ ಈ ಹಾಳ್ ಕಾಲ್ ಅಂದೇಳಿ. ಅದ್ರದ್ದ್ ಎಂತ ತಪ್ಪೇ ಇರ್ಲಿಲ್ಲೆ ಅಲ್ದಾ. ಅದೊಂದ್ ಮಾತ್ ನೀ ಹೇಳ್ಲಕ್ಕಿತ್ತ್."

ಎಷ್ಟು ಬೈದಿದ್ದರೂ ಅವಳಿಗೆ ಇಷ್ಟು ನೋಯುತ್ತಿರಲಿಲ್ಲ. ಮುಂದಿನ ಬಸ್ಸು ಬಂತು. ಅವರು ಹತ್ತಿ, ಕಿಟಕಿಯ ಬಳಿ ಕುಳಿತು, ಎಂದಿನಂತೆ ಕೈ ಬೀಸಿದರು. ಬೀಸದೆ ಹೋಗಿದ್ದರೇ ಒಳ್ಳೆಯದಿತ್ತು ಎನಿಸಿತು ಅವಳಿಗೆ.

ಮೇಲೆ ಬಂದವಳೇ ರಾಜೇಂದ್ರನ ಎದುರು ಕುಳಿತು, ದೊಣ್ಣೆಯವನನ್ನು ಎಲ್ಲರಿಗೂ ಬಿಟ್ಟಿಯಾಗಿ ಕೊಟ್ಟುಬಿಡೋಣ ಎಂದಳು. ಅವನಿಗೆ ಸಿಟ್ಟು ಬಂತು. "ಆವತ್ತ್ ಮಾರುವ ಅಂದದ್ದೂ ನೀನೇ, ಇವತ್ತ್ ಬ್ಯಾಡ ಅಂಬುದೂ ನೀನೇ! ಇದೆಂತ ಮಕ್ಕಳಾಟವಾ?" ಆಗ ಅವಳ ಪರ ಮಾತಾಡಿದವನು ಕೀರ್ತನ್. ಬೇಕಾದರೆ ಹೊಸಬರಿಬ್ಬರನ್ನು ಮಾಡೋಣ, ಅವರಿಗೆ ದುಡ್ಡು ತೆಗೆದುಕೊಳ್ಳೋಣ, ಅದು ದುಡಿದು ತಿಂದ ಹಾಗಾಯಿತು ಎಂದ. ವಾರವಿಡೀ ಚರ್ಚೆ ನಡೆದು ಕೊನೆಗೆ ರಾಜೇಂದ್ರ ಒಪ್ಪಿದ. ಅದರ ಬೆಲೆಯಾಗಿ ಎಲ್ಲರ ಸಂಬಳ ಕೆಲವು ತಿಂಗಳು ತಡವಾಯಿತು. ಯಾರೂ ವಿನಯಾಳನ್ನು ದೂರಲಿಲ್ಲ. ಆದರೆ ಮಧ್ಯಾಹ್ನ ಒಟ್ಟಿಗೆ ಉಣ್ಣುವಾಗ ಮೊದಲಿನಷ್ಟು ಮಾತಿರಲಿಲ್ಲ.

ದೊಣ್ಣೆಯವನು ಬೀಗ ಕಳಚಿ ಹೊರಬಂದ. ಕಾಸು ಕೇಳದೆ ಇಂಥ ಆಟಗಾರನನ್ನು ಕೊಟ್ಟ ಕಂಪನಿ ದೊಡ್ಡದು ಎಂದು ಆಡುವವರೆಲ್ಲ ಹೊಗಳಿ ಬರೆದರು. ಆ ಹೊಗಳಿಕೆಯನ್ನು ಓದುವಾಗ ವಿನಯಾಳಿಗೆ ಕದ್ದ ಒಡವೆಯನ್ನು ಹಿಂತಿರುಗಿಸಿ ದಾನಿ ಎನಿಸಿಕೊಂಡಂತಾಗುತ್ತಿತ್ತು.

ಚಂದಯ್ಯನವರ ಮೊಣಕಾಲು ಮಾತ್ರ ಸರಿಹೋಗಲಿಲ್ಲ. ಇನ್ನು ದೊಣ್ಣೆ ಹಿಡಿದು ಕುಣಿಯುವುದು ಬೇಡ ಎಂದು ಕುಂದಾಪುರದ ಡಾಕ್ಟರು ಕಡ್ಡಿ ಮುರಿದಂತೆ ಹೇಳಿದರು. ಆ ವರ್ಷದ ಚೌತಿಯಲ್ಲಿ ತಂಡದ ಮುಂದೆ ಕುಷ್ಟ ನಡೆದ. ಚಂದಯ್ಯ ಅಂಗಡಿಯ ಮುಂದೆ ಕುರ್ಚಿ ಹಾಕಿಕೊಂಡು ಕುಳಿತಿದ್ದರು. ವಿನಯಾ ಪಕ್ಕದಲ್ಲಿ ನಿಂತಿದ್ದಳು. ಚಂಡೆ, ಡೋಲಿನ ಸದ್ದು ಹತ್ತಿರವಾದಂತೆ ಅವರ ಕೈಬೆರಳುಗಳು ಕುರ್ಚಿಯ ಹಿಡಿಯ ಮೇಲೆ ತಾವಾಗಿಯೇ ಕುಣಿಯತೊಡಗಿದವು. ಅವಳಿಗೆ ಅದನ್ನು ನೋಡಲಾಗಲಿಲ್ಲ.

ಹೆಮ್ಮಾಡಿಯಿಂದ ಬಂದಿದ್ದ ನೆಂಟನೊಬ್ಬ ಕೇಳಿದ: "ಚಂದಯ್ಯಣ್ಣ, ನಿಮ್ಮನ್ನ ಗೇಮಿಗ್ ಹಾಕಿದ್ ಇದೇ ಹೆಣ್ಣಾ?"

"ಹೌದ್. ನನ್ ತಂಗಿ ಮಗ್ಳ್. ಭಾರೀ ಹುಷಾರಿ," ಎಂದರು ಚಂದಯ್ಯ. ಆ ದನಿಯಲ್ಲಿ ಕುಹಕವಿರಲಿಲ್ಲ, ಬರೀ ಹೆಮ್ಮೆಯಿತ್ತು.

ವಿನಯಾ ತಡೆಯಲಾರದೆ ಬಾಯಿ ತೆರೆದಳು. "ಅಲ್ಲ, ಕಾಣಿ, ಅದ್ ಹಾಂಗಲ್ಲ. ಅವ್ರ್ ಕಾಲ್ ಹೀಂಗಾದದ್ದೇ..."

"ಸುಮ್ನಿರ್ ಹೆಣ್ಣೇ," ಎಂದು ಚಂದಯ್ಯ ಅವಳ ಮಾತನ್ನು ಅಲ್ಲಿಗೇ ತಡೆದರು. "ಮೆರವಣಿಗಿ ಬಂತ್. ಒಂಚೂರ್ ಕೈ ಕೊಡ್, ನಿಂತ್ ಕಾಣ್ತೆ."

ಅವಳು ತೋಳು ಕೊಟ್ಟಳು. ಅವರು ಪೂರ್ತಿ ಭಾರ ಬಿಟ್ಟು ಎದ್ದು ನಿಂತರು. ಗಣಪತಿ ಕಣ್ಣಿಗೆ ಮರೆಯಾಗುವವರೆಗೂ ಅವಳು ಅಲುಗದೆ ಆ ಭಾರ ಹೊತ್ತು ನಿಂತಳು.