ಭಾವನ ಕಂಪ್ಯೂಟರಿನಲ್ಲಿ ನಾನು ಬಿಟ್ಟ ಮೀನು

ಮಾಡಿದ್ದುಣ್ಣೋ ಮಹರಾಯ ಎಂದು ಹಿರಿಯರು ಹೇಳಿದ್ದಾರೆ. ನಮ್ಮ ಮನೆಯ ಮಟ್ಟಿಗೆ ಆ ಗಾದೆ ‘ಮಾಡಿದ್ದು ಮೈದುನ, ಉಂಡಿದ್ದು ಮಹರಾಯ’ ಎಂದು ತಿದ್ದುಪಡಿಯಾಗಿದೆ. ಮೈದುನ ನಾನು, ಮಹರಾಯ ನನ್ನ ಅಕ್ಕನ ಗಂಡ. ಕಾರ್ಟೂನಿನ ಪ್ರಾಣಿಗಳಿಗೆ ದನಿ ಕೊಟ್ಟು ಹೊಟ್ಟೆ ಹೊರೆಯುವವನು ನಾನು, ಆದ್ದರಿಂದ ನನ್ನ ಮಾತನ್ನು ಯಾರೂ ಸುಲಭಕ್ಕೆ ನಂಬುವುದಿಲ್ಲ. ಆದರೂ ಹೇಳುತ್ತೇನೆ, ಇದು ನಡೆದ ಕಥೆ. ಇದರಲ್ಲಿ ಸುಳ್ಳಿರುವುದು ನಾನು ಬಾಯಿ ಮುಚ್ಚಿಕೊಂಡಿದ್ದ ಕಡೆ ಮಾತ್ರ.

ಭಾವ ಹನ್ನೊಂದು ವರ್ಷ ಒಂದು ದೊಡ್ಡ ಆಫೀಸಿನಲ್ಲಿ ಸೋಪು, ಶಾಂಪೂಗಳ ಜಾಹೀರಾತಿಗೆ ನೊರೆಗುಳ್ಳೆಯ ಚಿತ್ರ ಬರೆಯುತ್ತಿದ್ದರು. ಹೋದ ವರ್ಷ ಅದನ್ನು ಬಿಟ್ಟು, ವೈದ್ಯಕೀಯ ವಿದ್ಯಾರ್ಥಿಗಳಿಗೆ ದೇಹದ ಒಳಗನ್ನು ತೋರಿಸುವ ಅನಿಮೇಶನ್ ಮಾಡುತ್ತೇನೆಂದು ಮನೆಯಲ್ಲೇ ಕೂತರು. ಅದಕ್ಕೆ ಬೇಕಾದ ಕಂಪ್ಯೂಟರನ್ನೂ ತಾವೇ ಕಟ್ಟಿದರು. ಅದು ಬರೀ ಫ್ಯಾನಿನ ಗಾಳಿಗೆ ತಣಿಯುವ ಜಾತಿಯದಲ್ಲ. ಅದರ ಹೊಟ್ಟೆಯಲ್ಲಿ ನೀರು ಹರಿಯುತ್ತಿತ್ತು. ಗಾಜಿನ ಬಾಗಿಲ ಹಿಂದೆ ಉದ್ದನೆಯ ಪಾರದರ್ಶಕ ಟ್ಯಾಂಕು, ಅದರ ಬುಡದಲ್ಲಿ ಪಂಪು. ಅಲ್ಲಿಂದ ಹೊರಟ ನೀರು ಪ್ರೊಸೆಸರಿನ ಮೇಲೆ ಕೂತ ತಾಮ್ರದ ಬ್ಲಾಕಿಗೆ ಹೋಗಿ, ಬಿಸಿ ಹೀರಿಕೊಂಡು, ರೇಡಿಯೇಟರಿನಲ್ಲಿ ತಣಿದು ಮತ್ತೆ ಟ್ಯಾಂಕಿಗೆ ಮರಳಬೇಕು. ಪೈಪುಗಳನ್ನು ಭಾವ ಬಿಸಿಗಾಳಿಗೆ ಹಿಡಿದು ಒಂದೊಂದಾಗಿ ಬಗ್ಗಿಸಿದ್ದರು. ಏಳು ಕೆಟ್ಟ ಮೇಲೆ ನಾಲ್ಕು ಸರಿ ಬಂದವು. ಮನೆಗೆ ಬಂದವರಿಗೆಲ್ಲ ಮಗುವಿನ ಮೊದಲ ಹಲ್ಲು ತೋರಿಸುವವರ ಹಾಗೆ ಆ ಬಾಗುಗಳನ್ನು ತೋರಿಸುತ್ತಿದ್ದರು.

ಅಷ್ಟು ಚೆಂದದ ನೀರಿನಲ್ಲಿ ಒಂದು ಮೀನಿಲ್ಲ ಅಂದರೆ ಹೇಗೆ?

ಒಂದು ಭಾನುವಾರ ಮಧ್ಯಾಹ್ನ ಭಾವ ಗೊರಕೆಯಲ್ಲಿದ್ದಾಗ, ಪಾತ್ರೆ ತೊಳೆಯುವ ಹಸಿರು ಸ್ಪಂಜನ್ನು ಹೆಬ್ಬೆರಳಿನಷ್ಟು ಮೀನಾಗಿ ಕತ್ತರಿಸಿ, ಟ್ಯಾಂಕಿನ ಮುಚ್ಚಳ ತಿರುಗಿಸಿ ಒಳಗೆ ಬಿಟ್ಟೆ. ಬಾಲ ಮೇಲೆ ಮಾಡಿಕೊಂಡು ತೇಲಿತು. ಸೋಮವಾರ ಸ್ಟುಡಿಯೋದಿಂದ ಬಂದು ನೋಡಿದರೆ ಮೀನು ಇಲ್ಲ.

ನಮ್ಮ ಮನೆಯ ಕುಚೇಷ್ಟೆಗೆ ಒಂದು ಕಾನೂನಿದೆ: ಮೊದಲು ಬಾಯಿಬಿಟ್ಟವರು ಸೋತ ಹಾಗೆ. ಅಕ್ಕನ ಕನ್ನಡಕದ ಡಬ್ಬಿಗೆ ನಾನು ಬಟಾಣಿ ತುಂಬಿದಾಗ ಅವಳು ಒಂಬತ್ತು ದಿನ ಮಿಸುಕಲಿಲ್ಲ. ಹತ್ತನೆಯ ದಿನ ಆ ಬಟಾಣಿಯೆಲ್ಲ ನನ್ನ ದಿಂಬಿನೊಳಗೆ ಹೊಲಿಸಿಕೊಂಡು ಕೂತಿತ್ತು. ಹಾಗಾಗಿ ಭಾವ ಮೀನನ್ನು ತೆಗೆದಿಟ್ಟು ಹೊಂಚು ಹಾಕುತ್ತಿದ್ದಾರೆಂದೇ ತಿಳಿದೆ. ಮೂರು ವಾರ ಷೂ ಕೊಡವಿ ಹಾಕಿಕೊಂಡೆ, ಟೀ ಲೋಟದ ತಳ ನೋಡಿ ಕುಡಿದೆ. ಭಾವ ಏನೂ ಆಗದವರಂತೆ ಓಡಾಡಿಕೊಂಡಿದ್ದರು. ಎಂಥ ನಟ ಎಂದು ಒಳಗೊಳಗೇ ಮೆಚ್ಚಿಕೊಂಡೆ.

ನಾಲ್ಕನೆಯ ವಾರದ ಬುಧವಾರ ಯಂತ್ರಕ್ಕೆ ಜ್ವರ ಬಂತು.

ಮಿಡಿಯುವ ಹೃದಯದ ಐದು ನಿಮಿಷದ ಚಿತ್ರವನ್ನು ಭಾವ ಶುಕ್ರವಾರ ಸಂಜೆ ಆರಕ್ಕೆ ಒಂದು ವೈದ್ಯಕೀಯ ಕಾಲೇಜಿಗೆ ಕಳಿಸಬೇಕಿತ್ತು. ಸ್ವಂತವಾಗಿ ಒಪ್ಪಿಕೊಂಡ ಮೊದಲ ದೊಡ್ಡ ಕೆಲಸ. ಎಲ್ಲ ಬರೆದಾಗಿತ್ತು, ಕಂಪ್ಯೂಟರು ಅದನ್ನು ಲೆಕ್ಕಹಾಕಿ ಚಿತ್ರವಾಗಿ ಹೊರಗೆ ಹಾಕುವ ಆರು ಗಂಟೆಯ ಕೆಲಸವಷ್ಟೇ ಬಾಕಿ. ಶುರು ಮಾಡಿದ ಹತ್ತೇ ನಿಮಿಷಕ್ಕೆ ಪರದೆಯ ಮೂಲೆಯ ಅಂಕಿ ತೊಂಬತ್ತೇಳು ಡಿಗ್ರಿಗೆ ಏರಿತು. ಯಂತ್ರ ತಾನಾಗಿಯೇ ಆರಿತು.

“ಏನ್ರೀ ಇದು, ಆಫೀಸ್ ಟೈಮಲ್ಲಿ ನಿದ್ದೆ?” ಎಂದೆ, ಭಾವನ ಹಳೆಯ ಬಾಸಿನ ಮೂಗಿನ ದನಿಯಲ್ಲಿ.

“ಸುಮ್ನಿರಯ್ಯ, ಟಾರ್ಚ್ ಹಿಡ್ಕೊ.”

ಹಿಡಿದುಕೊಂಡೆ. ಭಾವ ಫ್ಯಾನುಗಳನ್ನು ನೋಡಿದರು; ತಿರುಗುತ್ತಿದ್ದವು. ರೇಡಿಯೇಟರಿನ ಧೂಳನ್ನು ಬ್ರಷ್ಷಿನಿಂದ ತೆಗೆದರು. ಮತ್ತೆ ತೊಂಬತ್ತೇಳು. ನೀರಲ್ಲಿ ಗಾಳಿ ಸಿಕ್ಕಿಕೊಂಡಿರಬಹುದೆಂದು ಯಂತ್ರವನ್ನು ಇಬ್ಬರೂ ಎತ್ತಿ ಎಡಕ್ಕೆ ಬಲಕ್ಕೆ ವಾಲಿಸಿದೆವು. ಎರಡು ಗುಳ್ಳೆ ಬಂದವು; ಅಂಕಿ ಇಳಿಯಲಿಲ್ಲ. ಪಂಪಿಗೆ ಕಿವಿಯಿಟ್ಟರೆ ಗುಂಯ್ ಎನ್ನುತ್ತಿತ್ತು, ನಡುನಡುವೆ ಗಂಟಲು ಕೆರೆದುಕೊಳ್ಳುತ್ತಿತ್ತು. ನಾನು ಆ ಸದ್ದನ್ನು ಹಾಗೆಯೇ ಮಾಡಿ ತೋರಿಸಿದೆ. ಭಾವ ನಗಲಿಲ್ಲ.

ಗುರುವಾರ ಮಧ್ಯಾಹ್ನ ಅಕ್ಕ ಡ್ಯೂಟಿ ಮುಗಿಸಿ ಬಂದಳು. ಅವಳು ಹೃದ್ರೋಗದ ವಾರ್ಡಿನ ನರ್ಸು. ಬ್ಯಾಗು ಕೆಳಗಿಟ್ಟವಳೇ ಮೊದಲು ಬ್ಲಾಕನ್ನು, ಆಮೇಲೆ ರೇಡಿಯೇಟರನ್ನು ಮುಟ್ಟಿ ನೋಡಿದಳು.

“ರೀ, ಇದು ಕೈ ಸುಡ್ತಿದೆ, ಅದು ಹೆಣದ ಹಾಗೆ ತಣ್ಣಗಿದೆ. ನೀರು ಮುಂದಕ್ಕೆ ಹೋಗ್ತಾನೇ ಇಲ್ಲ. ಪೇಶೆಂಟ್ ಆಗಿದ್ರೆ ಇಷ್ಟೊತ್ತಿಗೆ ಟೇಬಲ್ ಮೇಲೆ ಮಲಗಿಸ್ತಿದ್ವಿ.”

“ಮುಚ್ಚಿದ ನೀರು ಕಣೇ. ಕಸ ಎಲ್ಲಿಂದ ಬರತ್ತೆ?” ಎಂದ ಭಾವ, ತಾವೇ ಉತ್ತರ ಹುಡುಕಿಕೊಂಡರು. “ನಂದೇ ಇರ್ಬೇಕು. ಪೈಪ್ ಕುಯ್ದಾಗ ಚೂರು ಉಳಿಸಿದೀನಿ. ರೇಡಿಯೇಟರ್ ಸರಿಯಾಗಿ ತೊಳ್ದಿಲ್ಲ.”

ಟಾರ್ಚನ್ನು ಟ್ಯಾಂಕಿನ ಬುಡಕ್ಕೆ ತಿರುಗಿಸಿದೆ. ಭಾವ ಮೀನನ್ನು ತೆಗೆದಿರಲೇ ಇಲ್ಲ, ನೋಡಿಯೂ ಇರಲಿಲ್ಲ. ನೆನೆದ ಸ್ಪಂಜು ತಳಕ್ಕಿಳಿದಿದೆ, ಪಂಪು ಅದನ್ನು ಎಳೆದುಕೊಂಡು ಕಡೆದಿದೆ, ಕಡೆದದ್ದೆಲ್ಲ ಬ್ಲಾಕಿಗೆ ಹೋಗಿ ಕೂತಿದೆ.

ಆಗಲೇ ಹೇಳಬೇಕಿತ್ತು. ನಾಲಿಗೆ ಹಲ್ಲಿನ ತನಕ ಬಂದು ವಾಪಸ್ಸು ಹೋಯಿತು. ಅಷ್ಟರಲ್ಲಿ ಭಾವ ನನ್ನ ಹೆಗಲ ಮೇಲೆ ಕೈಯಿಟ್ಟರು.

“ನೋಡೇ, ಎರಡು ದಿನದಿಂದ ರಜ ಹಾಕಿ ಟಾರ್ಚ್ ಹಿಡ್ಕೊಂಡು ನಿಂತಿದಾನೆ. ನನಗೆ ಸ್ವಂತ ತಮ್ಮ ಇದ್ದಿದ್ರೂ ಇಷ್ಟು ಮಾಡ್ತಿರ್ಲಿಲ್ಲ.”

ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಹೊಗಳಿ ಕೊಂದರು. ಆ ರಾತ್ರಿ ತಟ್ಟೆಯಲ್ಲಿ ಅರ್ಧ ಅನ್ನ ಬಿಟ್ಟು ಎದ್ದೆ. ನನ್ನೊಳಗೂ ಎಲ್ಲೋ ಸ್ಪಂಜು ಸಿಕ್ಕಿಕೊಂಡಿತ್ತು.

ಶುಕ್ರವಾರ ಬೆಳಿಗ್ಗೆ ಏಳಕ್ಕೆ ಎದ್ದು ಬಂದರೆ ಭಾವ ಅಕ್ಕನ ಲ್ಯಾಪ್‌ಟಾಪಿನ ಮುಂದೆ ಕೂತಿದ್ದರು. ಹಿಂದಿನಿಂದ ಇಣುಕಿದೆ. ಹಳೆಯ ಬಾಸಿಗೆ ಕಾಗದ. ‘ಒಬ್ಬನೇ ಮಾಡಬಲ್ಲೆ ಎಂದುಕೊಂಡದ್ದು ನನ್ನ ತಪ್ಪು. ಜಾಗವಿದ್ದರೆ ಮತ್ತೆ ಬರುತ್ತೇನೆ.’

“ಭಾವ, ಬ್ಲಾಕ್ ಬಿಚ್ಚಿ ತೊಳೀಬಹುದಲ್ಲ?”

“ತೊಳೆದು ಮತ್ತೆ ಜೋಡಿಸೋದು ಇದೇ ಕೈ ತಾನೇ? ಇದರ ಮೇಲೆ ನಂಬಿಕೆ ಹೋಯ್ತು ಕಣಯ್ಯ. ಗುಳ್ಳೆ ಬರ್ಕೊಂಡು ಇರ್ತೀನಿ ಬಿಡು.”

ಅಕ್ಕ ಅಡುಗೆಮನೆಯ ಬಾಗಿಲಲ್ಲಿ ಸೆರಗಿಗೆ ಕೈ ಒರೆಸುತ್ತಾ ನಿಂತಿದ್ದಳು. ಭಾವನ ಬೆರಳು ಕಳಿಸುವ ಗುಂಡಿಯ ಹತ್ತಿರ ಹೋಯಿತು.

“ಏನ್ರೀ ಇದು...” ಎಂದೆ, ಬಾಸಿನ ದನಿಯಲ್ಲಿ. ತಮಾಷೆಯ ಬೆನ್ನಿಗೆ ನಿಜವನ್ನು ಸಾಗಹಾಕುವ ಹಂಚಿಕೆ. ಮುಂದೆ ಬರಲಿಲ್ಲ. ನಾನಿಲ್ಲಿ ಯಾರ ದನಿಯ ಹಿಂದೆಯೂ ಅಡಗುವಂತಿರಲಿಲ್ಲ. ನನ್ನದೇ ದನಿ ತೆಗೆದೆ. ಅಭ್ಯಾಸವಿಲ್ಲದೆ ಕೀರಲಾಗಿ ಬಂತು.

“ಕಳಿಸ್ಬೇಡಿ ಭಾವ. ನಿಮ್ಮ ತಪ್ಪಲ್ಲ. ಟ್ಯಾಂಕಿಗೆ ನಾನು ಸ್ಪಂಜಿನ ಮೀನು ಬಿಟ್ಟಿದ್ದೆ. ನೀವು ತೆಗೆದಿರಿ ಅಂದ್ಕೊಂಡಿದ್ದೆ. ನಿನ್ನೆ ಮಧ್ಯಾಹ್ನ ಗೊತ್ತಾಯ್ತು. ಗೊತ್ತಾದ ಮೇಲೂ ಸುಮ್ನಿದ್ದೆ.”

“ಕತ್ತೆ!” ಎಂದಳು ಅಕ್ಕ. “ಮುಖಕ್ಕೆ ಮೀಸೆ ಬಂದ್ರೂ ಬುದ್ಧಿ ಬರ್ಲಿಲ್ವಲ್ಲೋ!”

ಭಾವ ಎದ್ದು ಬಕೆಟ್ಟು ತಂದು ನೀರು ಇಳಿಸಿದರು. ಆರು ಸ್ಕ್ರೂ ತೆಗೆದು ಬ್ಲಾಕನ್ನು ಬಿಡಿಸಿದರು. ತಾಮ್ರದ ಮೇಲೆ ಬಾಚಣಿಗೆಯ ಹಲ್ಲಿಗಿಂತ ಸಣ್ಣ ಸಂದುಗಳು. ಅವುಗಳ ತುಂಬ ಹಸಿರು ಜೂಲು, ಪಾಚಿ ಕಟ್ಟಿದಂತೆ. ಅಕ್ಕ ಚಿಮುಟದಿಂದ ಎಳೆ ಎಳೆಯಾಗಿ ಬಿಡಿಸಿದಳು, ಉಳಿದದ್ದನ್ನು ಭಾವ ಮೆತ್ತನೆಯ ಹಲ್ಲುಜ್ಜುವ ಬ್ರಷ್ಷಿನಲ್ಲಿ ಉಜ್ಜಿದರು. ಪಂಪಿನ ರೆಕ್ಕೆಗೆ ಸುತ್ತಿಕೊಂಡಿದ್ದನ್ನು ತೆಗೆದದ್ದೂ ಅವರೇ. ರೇಡಿಯೇಟರಿನಲ್ಲಿ ಮೂರು ಸಲ ನೀರು ಹಾಯಿಸಿ, ಬಂದ ನೀರನ್ನು ಬಿಳಿ ಬಟ್ಟೆಯಲ್ಲಿ ಸೋಸಿ, ಆ ಬಟ್ಟೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ನನ್ನ ಕಡೆ ಒಂದು ಸಲವೂ ನೋಡಲಿಲ್ಲ. ಕೇಳಿದ ಸ್ಕ್ರೂ ಕೊಡುತ್ತಾ ನಿಂತಿದ್ದೆ, ಅವರು ಕೇಳಿದ್ದೂ ಬೆರಳಿನಲ್ಲೇ.

ಹೊಸ ನೀರು ತುಂಬಿ, ಸೋರಿದರೆ ಕಾಣಲೆಂದು ಪ್ರತಿ ಸಂದಿಗೂ ಟಿಶ್ಯೂ ಕಾಗದ ಸುತ್ತಿ, ಪಂಪೊಂದನ್ನೇ ಓಡಿಸಿದರು. ಕಾಗದ ಒಣಗಿಯೇ ಇತ್ತು. ಹನ್ನೊಂದಕ್ಕೆ ಚಿತ್ರ ಶುರು ಮಾಡಿದರು; ನಡುವೆ ಆರದಿದ್ದರೆ ಐದಕ್ಕೆ ಮುಗಿಯಬೇಕು. ಮೂವರೂ ಮೂಲೆಯ ಅಂಕಿಯನ್ನೇ ನೋಡುತ್ತಿದ್ದೆವು. ಐವತ್ತು. ಐವತ್ತೆಂಟು. ಅರವತ್ತೊಂದು. ಅರ್ಧ ಗಂಟೆಯಾದರೂ ಅರವತ್ತೊಂದೇ.

ಭಾವ ಲ್ಯಾಪ್‌ಟಾಪು ಎಳೆದುಕೊಂಡು ಬಾಸಿಗೆ ಬರೆದಿದ್ದ ಕಾಗದವನ್ನು ಅಳಿಸಿಹಾಕಿದರು. ಆಮೇಲೆ ಸೋಸಿದ ಬಟ್ಟೆಯನ್ನು ಎತ್ತಿ ಅಕ್ಕನ ಮುಂದೆ ಹಿಡಿದರು.

“ನೋಡೇ. ಹಸಿರು ಬಿಟ್ರೆ ಏನಾದ್ರೂ ಇದೆಯಾ?”

“ಇಲ್ಲಾರೀ.”

“ನನ್ನ ಪೈಪಿನ ಚೂರು ಒಂದಾದ್ರೂ?”

“ಒಂದೂ ಇಲ್ಲ.”

“ಒಂದೂ ಇಲ್ಲ!” ಭಾವನ ಭುಜ ಕುಲುಕಿತು. ಅಳುತ್ತಿದ್ದಾರೆಂದೇ ನಾನು ಹೆದರಿದೆ. “ಮೀನನ್ನ ಅರೆದು ಕುಡಿದು, ಮೂರು ವಾರ ಓಡಿದೆ ಕಣೇ ನನ್ನ ಯಂತ್ರ! ಮೂರು ವಾರ! ಯಾವ ಕಂಪನಿಯವನು ಕಟ್ಟಿಕೊಡ್ತಾನೆ ಇಂಥದ್ದನ್ನ?”

ಅಕ್ಕನಿಗೆ ತಡೆಯಲಾಗಲಿಲ್ಲ, ಬಾಯಿಗೆ ಸೆರಗು ಒತ್ತಿಕೊಂಡಳು. ನಾನೂ ನಗಲು ನೋಡಿದೆ, ಬರಲಿಲ್ಲ. ಅಕ್ಕ ಕೈಗೆ ಕೊಟ್ಟಿದ್ದ ಚಿಮುಟ ಹಿಡಿದುಕೊಂಡು ಹಾಗೇ ನಿಂತಿದ್ದೆ. ಭಾವ ಮಾತ್ರ ಕುರ್ಚಿಯ ಕೈ ಬಡಿದು ಬಡಿದು ನಕ್ಕರು. ಎದುರು ಮನೆಯವರು ಏನಾಯಿತೆಂದು ಬಾಲ್ಕನಿಗೆ ಬಂದರು. ಅಕ್ಕ ಕಿಟಕಿ ಮುಚ್ಚಿದ ಮೇಲೂ ಆ ನಗು ಕೆಳಗಿನ ಬೀದಿಯ ತನಕ ಕೇಳುತ್ತಿತ್ತಂತೆ.